ಮಳೆಗಾಲ ಮುಗಿದ ಮೇಲೆ ಕಾರಿನ ಫೆಂಡರ್ ಲೈನಿಂಗ್ ಬಿಚ್ಚಿ ತೊಳೆಯುವುದು

ಆಯುಧಪೂಜೆಗೆ ಕಾರನ್ನು ಎಷ್ಟೇ ಉಜ್ಜಿ ತೊಳೆದರೂ ಒಂದು ಜಾಗಕ್ಕೆ ಪೈಪಿನ ನೀರು ಮುಟ್ಟುವುದಿಲ್ಲ. ಮುಂದಿನ ಚಕ್ರದ ಹಿಂದೆ, ಫೆಂಡರ್ (ಚಕ್ರದ ಮೇಲಿನ ಹೊರಮೈ) ತಗಡಿಗೂ ಬಾಗಿಲ ಕಂಬದ ಬುಡಕ್ಕೂ ನಡುವೆ ಇರುವ ಸಂದು ಅದು. ಚಕ್ರದ ಮೇಲೆ ಕಮಾನಿನಂತೆ ಕೂತಿರುವ ಕಪ್ಪು ಹೊದಿಕೆಗೆ ಬಿಡಿಭಾಗದ ಅಂಗಡಿಗಳಲ್ಲಿ ಫೆಂಡರ್ ಲೈನಿಂಗ್ ಅಥವಾ ಲೈನರ್ ಎನ್ನುತ್ತಾರೆ. ಅದರ ಅಂಚಿನಿಂದ ನುಗ್ಗಿದ ಕೆಸರು, ವೈಪರ್ ಕೆಳಗಿನ ಜಾಲರಿಯಿಂದ ನೀರಿನೊಂದಿಗೆ ಇಳಿದ ತರಗೆಲೆ ಎರಡೂ ಆ ಸಂದಿನಲ್ಲಿ ಗುಡ್ಡೆಯಾಗುತ್ತವೆ. ಹೊರಗೆ ಕಾರು ಒಣಗಿದ್ದರೂ ಆ ಗುಡ್ಡೆ ದಿನಗಟ್ಟಲೆ ಒದ್ದೆಯಾಗೇ ಇರುತ್ತದೆ. ಮಲೆನಾಡಿನ ಕೆಂಪು ಮಣ್ಣು ಹೀಗೆ ಕೂತರೆ, ಕರಾವಳಿಯಲ್ಲಿ ಜೊತೆಗೆ ಉಪ್ಪುಗಾಳಿಯೂ ಸೇರುತ್ತದೆ. ತುಕ್ಕು ತಗಡನ್ನು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಬಣ್ಣ ಗುಳ್ಳೆ ಎದ್ದು ಕಣ್ಣಿಗೆ ಬೀಳುವ ಹೊತ್ತಿಗೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕಾದ ಸ್ಥಿತಿ ಬಂದಿರಬಹುದು.

ಮಳೆ ನಿಂತ ಅಕ್ಟೋಬರ್–ನವೆಂಬರ್ ಈ ಕೆಲಸಕ್ಕೆ ಸರಿಯಾದ ಕಾಲ. ಮೊದಲ ಸಲವಾದರೆ ಒಂದು ಚಕ್ರಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಮುಗಿಸಿ ಇನ್ನೊಂದಕ್ಕೆ ಹೋದರೆ ಜೋಡಿಸುವಾಗ ಗೊಂದಲವಾದಾಗ ಇನ್ನೊಂದು ಬದಿ ನೋಡಿಕೊಳ್ಳಬಹುದು.

ಬೇಕಾಗುವ ಸಾಮಾನು ಹೆಚ್ಚಿಲ್ಲ. 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್, ಚಪ್ಪಟೆ ಸ್ಕ್ರೂಡ್ರೈವರ್, 8 ಮತ್ತು 10 ಮಿ.ಮೀ. ಸಾಕೆಟ್, ಲೈನಿಂಗನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಕವಲು ಬಾಯಿಯ ಉಪಕರಣ, ಜಾಕ್, ಜಾಕ್ ಸ್ಟ್ಯಾಂಡ್. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ಟಿ20 ಮತ್ತು ಟಿ25 ಟಾರ್ಕ್ಸ್ (ಆರು ಮೂಲೆಯ ತುದಿಯ) ಬಿಟ್ ಬೇಕು. ಅದಿಲ್ಲದೆ ಬೇರೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹತ್ತು ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಹಳೆಯದೊಂದನ್ನು ಕಿತ್ತು ಅಂಗಡಿಗೆ ಒಯ್ಯುವುದೇ ಸರಿ, ಏಕೆಂದರೆ 7 ಮಿ.ಮೀ. ತೂತಿಗೆ 8ರ ಕ್ಲಿಪ್ ಇಳಿಯದು, 6ರದು ನಿಲ್ಲದು.

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಿನಲ್ಲಿಡಿ, ಎತ್ತದ ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಮಣ್ಣಿನ ಅಂಗಳವಾದರೆ ಜಾಕ್ ಮತ್ತು ಸ್ಟ್ಯಾಂಡ್ ಎರಡರ ಕೆಳಗೂ ದಪ್ಪ ಹಲಗೆ ಇರಲಿ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಕಾರಿನೊಂದಿಗೆ ಬರುವ ಜಾಕ್ ಚಕ್ರ ಬದಲಿಸುವುದಕ್ಕಷ್ಟೇ. ಅದನ್ನೊಂದೇ ನಂಬಿ ತಲೆಯನ್ನಾಗಲಿ ಕೈಯನ್ನಾಗಲಿ ಒಳಗೆ ಹಾಕಬೇಡಿ. ಸ್ಟ್ಯಾಂಡ್ ಮೇಲೆ ಭಾರ ಕೂತ ನಂತರವೇ ಚಕ್ರ ಬಿಚ್ಚಿ ಕೆಲಸ.

ಬಿಚ್ಚುವ ಮುನ್ನ ಮೊಬೈಲಿನಲ್ಲಿ ನಾಲ್ಕೈದು ಫೋಟೊ ತೆಗೆದುಕೊಳ್ಳಿ. ಲೈನಿಂಗ್ ಅಂಚು ಬಂಪರಿನ ಒಳಗಿದೆಯೋ ಹೊರಗೋ, ಮಡ್‌ಫ್ಲ್ಯಾಪ್ ಯಾವುದರ ಮೇಲೆ ಕೂತಿದೆ ಎನ್ನುವುದು ಆಮೇಲೆ ನೆನಪಿರುವುದಿಲ್ಲ.

ಹೆಚ್ಚಿನವರು ಸೋಲುವುದು ಕ್ಲಿಪ್‌ಗಳ ಹತ್ತಿರ, ಎಲ್ಲವನ್ನೂ ಒಂದೇ ರೀತಿ ಎಳೆಯುವುದರಿಂದ. ಅದರಲ್ಲಿ ಮೂರು ಜಾತಿ ಇವೆ. ನಡುವಿನ ಗೂಟದ ಅಂಚಿನಲ್ಲಿ ಕಚ್ಚು ಇದ್ದರೆ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಗೂಟವನ್ನು ಮೇಲೆತ್ತಬೇಕು, ಆಮೇಲೆ ಇಡೀ ಕ್ಲಿಪ್ ಬರುತ್ತದೆ. ನಡುವೆ ಸ್ಟಾರ್ ಗುರುತಿದ್ದರೆ ತಿರುಗಿಸಬೇಕು. ಮಣ್ಣು ತುಂಬಿ ಸುಮ್ಮನೆ ಸುತ್ತುತ್ತಿದ್ದರೆ ಕೆಳಗೆ ಕವಲು ಕೊಟ್ಟು ಎತ್ತುತ್ತಲೇ ತಿರುಗಿಸಿ. ಮೂರನೆಯದರ ನಡುಭಾಗ ನುಣುಪಾಗಿ, ಕಚ್ಚಿಲ್ಲದೆ ಇರುತ್ತದೆ. ಅದನ್ನು ಎರಡು ಮೂರು ಮಿ.ಮೀ. ಒಳಕ್ಕೆ ಒತ್ತಿದರೆ ಬಿಡುತ್ತದೆ. ಮರಳಿ ಹಾಕುವ ಮುನ್ನ ಆ ಗೂಟವನ್ನು ಹಿಂದಿನಿಂದ ದೂಡಿ ಹೊರಗೆ ಚಾಚುವಂತೆ ಮಾಡಿಕೊಳ್ಳಬೇಕು. ಎಲ್ಲಕ್ಕೂ ಮೊದಲು ನೀರು ಹಾಯಿಸಿ ಹಳೆಯ ಟೂತ್‌ಬ್ರಷ್‌ನಿಂದ ಕ್ಲಿಪ್ ತಲೆ ಉಜ್ಜಿದರೆ ಅರ್ಧದಷ್ಟು ಮುರಿತ ತಪ್ಪುತ್ತದೆ.

ಮಡ್‌ಫ್ಲ್ಯಾಪ್ ಮೊದಲು, ನಂತರ ಬಂಪರ್ ಅಂಚು, ಕೆಳಗಿನ ಸ್ಕ್ರೂಗಳು, ಕೊನೆಗೆ ಕಮಾನಿನ ಮೇಲಿನವು. ಎಲ್ಲ ಬಿಚ್ಚಿದರೂ ಲೈನಿಂಗ್ ಅಲುಗದಿದ್ದರೆ ಎಲ್ಲೋ ಒಂದು ಕ್ಲಿಪ್ ಉಳಿದಿದೆ ಎಂದೇ ಅರ್ಥ. ಅದು ಹೆಚ್ಚಾಗಿ ಬಂಪರ್ ಕೆಳಗೆ, ನೆಲಕ್ಕೆ ಮುಖ ಮಾಡಿ ಇರುತ್ತದೆ. ಬಲ ಹಾಕಬೇಡಿ. ಸ್ಟೀರಿಂಗ್ ತಿರುಗಿಸಿ ಜಾಗ ಮಾಡಿಕೊಂಡು, ಹಿಂದಿನ ತುದಿಯನ್ನು ಒಳಕ್ಕೆ ಬಾಗಿಸಿ, ಸಸ್ಪೆನ್ಷನ್ ಕಂಬದ ಸುತ್ತ ಹಾಯಿಸಿ ಹೊರಗೆ ತನ್ನಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಅಥವಾ ಇಂಡಿಕೇಟರ್ ವೈರು ಲೈನಿಂಗ್‌ಗೆ ಸಿಕ್ಕಿಸಿದ್ದರೆ ಮೊದಲು ಬಿಡಿಸಿ.

ಗುಡ್ಡೆಯನ್ನು ಕೈಯಿಂದಲೇ ಬಾಚಿ ತೆಗೆಯಿರಿ, ದಪ್ಪ ಗ್ಲೋವ್ಸ್ ಹಾಕಿಕೊಂಡು. ತಗಡಿನ ಅಂಚು ಬ್ಲೇಡಿನಷ್ಟು ಹರಿತ. ಮೊದಲೇ ನೀರು ಬಿಟ್ಟರೆ ಆ ಮಣ್ಣೆಲ್ಲ ಇಳಿದು ಬಾಗಿಲ ಕೆಳಗಿನ ಪೊಳ್ಳು ತೊಲೆಗೆ ಸೇರುತ್ತದೆ. ಉಳಿದದ್ದನ್ನು ನೆನೆಸಿ ಹತ್ತು ನಿಮಿಷ ಬಿಟ್ಟು, ಕಾರ್ ಶಾಂಪೂ ಮತ್ತು ಬಾಟಲಿ ತೊಳೆಯುವ ಬ್ರಷ್‌ನಿಂದ ಉಜ್ಜಿ, ಸಾಮಾನ್ಯ ಪೈಪಿನಿಂದ ತೊಳೆಯಿರಿ. ಪ್ರೆಷರ್ ವಾಷರ್ ಬಳಸುವುದಾದರೆ ವೈರಿನ ಕನೆಕ್ಟರ್, ಡ್ರೈವ್ ಶಾಫ್ಟ್‌ನ (ಚಕ್ರ ತಿರುಗಿಸುವ ದಂಡದ) ರಬ್ಬರ್ ಬೂಟ್, ತಗಡಿನ ಜೋಡಣೆಗೆ ಹಚ್ಚಿದ ಸೀಲೆಂಟ್ ಇವಕ್ಕೆ ನೇರವಾಗಿ ಹಿಡಿಯಬೇಡಿ. ಸೀಲೆಂಟ್ ಎದ್ದರೆ ತುಕ್ಕಿಗೆ ನೀವೇ ಬಾಗಿಲು ತೆರೆದಂತೆ. ಕೆಳಗಿನ ನೀರು ಹೋಗುವ ತೂತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ; ವೈಪರ್ ಜಾಲರಿಗೆ ಒಂದು ಚೊಂಬು ನೀರು ಸುರಿದು ಅದು ಸಲೀಸಾಗಿ ಇಳಿಯುತ್ತದೆಯೇ ನೋಡಿ. ಸರ್ವಿಸ್ ಕೇಂದ್ರಗಳಲ್ಲಿ ಕಾರಿನ ಅಡಿಗೆ ಡೀಸೆಲ್ ಎರಚುವ ರೂಢಿ ಇನ್ನೂ ಇದೆ. ಅದನ್ನು ಮಾಡಲೇಬೇಡಿ. ಬುಷ್, ಬೂಟ್‌ಗಳ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ.

ಲೈನಿಂಗ್ ಇಲ್ಲದಿರುವಾಗ ಬ್ರೇಕ್ ಹೋಸ್‌ನಲ್ಲಿ ಬಿರುಕು, ಬೂಟ್‌ನಿಂದ ಗ್ರೀಸ್ ಸೋರಿಕೆ, ಇಲಿ ಕಡಿದ ವೈರು ಇವೆಯೇ ಎಂದು ಟಾರ್ಚ್ ಹಿಡಿದು ನೋಡಿ. ಮೇಲ್ಮೈ ತುಕ್ಕು ಕಂಡರೆ ತಂತಿ ಬ್ರಷ್ ಮತ್ತು 120ರ ಮರಳು ಕಾಗದದಿಂದ ಉಜ್ಜಿ, ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ, ಅದು ಒಣಗಿದ ಮೇಲೆ ಪ್ರೈಮರ್ ಮತ್ತು ಬಣ್ಣ. ಸಂದುಗಳಿಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿದರೆ ಒಳ್ಳೆಯದು. ಒದ್ದೆ ತಗಡಿನ ಮೇಲೆ ದಪ್ಪ ರಬ್ಬರ್ ಕೋಟಿಂಗ್ ಬಳಿಸುವುದು ಏನೂ ಬಳಿಸದಿರುವುದಕ್ಕಿಂತ ಕೆಟ್ಟದ್ದು. ತೇವ ಅದರಡಿಯಲ್ಲಿ ಸಿಕ್ಕಿಬಿದ್ದು ಕಾಣದಂತೆ ತಿನ್ನುತ್ತದೆ.

ಲೈನಿಂಗ್ ಪ್ಲಾಸ್ಟಿಕ್ಕಿನದಾದರೆ ಒರೆಸಿ ಹಾಕಬಹುದು. ಕಂಬಳಿಯಂಥ ನಾರಿನದಾದರೆ ನೀರು ಹೀರಿ ಭಾರವಾಗಿರುತ್ತದೆ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಜೋಡಿಸುವಾಗ ಕಮಾನಿನ ಮೇಲಿನ ಕ್ಲಿಪ್ ಮೊದಲು. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ತೂತುಗಳು ಸರಿಹೊಂದಿದ ಮೇಲೆ ಬಿಗಿ ಮಾಡಿ. ಒಂದೆರಡು ಕ್ಲಿಪ್ ಇಲ್ಲದಿದ್ದರೆ ಏನಾಯಿತು ಎಂದುಕೊಳ್ಳಬೇಡಿ. ಸಡಿಲ ಅಂಚು ಹೆದ್ದಾರಿಯ ವೇಗದಲ್ಲಿ ಟೈರಿಗೆ ಸಿಕ್ಕಿ ಇಡೀ ಲೈನಿಂಗ್ ಹರಿದುಹೋಗುತ್ತದೆ.

ಎಷ್ಟೋ ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಲೈನಿಂಗ್ ಇರುವುದೇ ಇಲ್ಲ. ಅಲ್ಲಿ ಕಮಾನಿನ ಒಳಮಡಿಕೆಯಲ್ಲಿ ಬೆರಳಾಡಿಸಿ ಮಣ್ಣು ತೆಗೆದರೆ ಸಾಕು.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲದಿದ್ದರೆ ಚಕ್ರವನ್ನೂ ಬಿಚ್ಚದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಲೈನಿಂಗ್‌ನ ಹಿಂಭಾಗದ ಕೆಳಗಿನ ಮೂರು ನಾಲ್ಕು ಕ್ಲಿಪ್ ಮಾತ್ರ ತೆಗೆದು ಗುಡ್ಡೆಯನ್ನು ಬಾಚಿ. ಅತಿ ಹೆಚ್ಚು ಹಾನಿ ಮಾಡುವ ಮಣ್ಣು ಅಲ್ಲೇ ಇರುವುದು.

ಚಕ್ರ ಬಿಚ್ಚಿದ್ದರೆ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಕಾರಿನ ಕೈಪಿಡಿಯಲ್ಲಿರುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ತನ್ನಿ; ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಹೊರಡುವ ಮುನ್ನ ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ ಟೈರು ಎಲ್ಲೂ ಸವರುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. 50–100 ಕಿ.ಮೀ. ಓಡಿಸಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ.