ಮೂರನೆಯ ಕಾಲಂ

2025ರ ಮೇ 8ರ ರಾತ್ರಿ ನಮ್ಮ ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿದೆ ಎಂದು ಹಲವು ಸುದ್ದಿವಾಹಿನಿಗಳು ಸಾರುತ್ತಿದ್ದಾಗ, ಮುಂಬಯಿಯ ಕನ್ನಡ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಉಪಸಂಪಾದಕನಾಗಿ ದುಡಿದು ನಿವೃತ್ತನಾದ ನಾನೂ ಆ ಸುದ್ದಿಯನ್ನು ಡೊಂಬಿವಲಿಯ ನಮ್ಮ ಕಟ್ಟಡದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಕಳುಹಿಸಿದೆ. ಬಸ್ ಅಪಘಾತದ ನಾಲ್ಕು ಸಾಲಿನ ಸುದ್ದಿಗೂ ಪೊಲೀಸ್ ಠಾಣೆಗೆ ಎರಡು ಸಲ ಫೋನ್ ಮಾಡಿಸುತ್ತಿದ್ದವನು ಆ ರಾತ್ರಿ ಯಾರನ್ನೂ ಏನನ್ನೂ ಕೇಳಲಿಲ್ಲ.

ಕೇಳದಿರಲು ಕಾರಣವಿತ್ತು. 1971ರ ಪಾಕಿಸ್ತಾನ ಯುದ್ಧದ ಸಮಯದಲ್ಲಿ ನನಗೆ ಹನ್ನೊಂದು ವರ್ಷ. ದೀಪದ ಬೆಳಕು ಹೊರಗೆ ಕಾಣದಂತೆ ಮಾಟುಂಗಾದ ನಮ್ಮ ಖೋಲಿಯ ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿದವನು ನಾನೇ. ಆ ಡಿಸೆಂಬರ್ 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದ್ದು ನಿಜ. ಈಗ ಬಂದ ಸಂದೇಶದಲ್ಲಿ ದಾಳಿಯ ಕೀರ್ತಿ ‘ವಿಕ್ರಾಂತ್’ಗೆ ಸಂದಿತ್ತು. 1971ರಲ್ಲಿ ಆ ಹೆಸರಿನ ಹಡಗು ಇದ್ದದ್ದು ಬಂಗಾಳ ಕೊಲ್ಲಿಯಲ್ಲಿ, ಈಗಿನದು 2022ರಲ್ಲಿ ಪಡೆಗೆ ಸೇರಿದ ಬೇರೆಯೇ ಹಡಗು. ಇವೆಲ್ಲ ತಿಳಿದಿದ್ದರೂ ಆ ಹೆಸರು ಕಂಡೊಡನೆ ಬಾಲ್ಯದ ನೆನಪು ಎದ್ದು ಕುಳಿತು, ಪತ್ರಕರ್ತ ಮಲಗಿಬಿಟ್ಟ.

ಬೆಳಗಾದ ಮೇಲೆ ಹಳೆಯ ನೋಟ್‌ಬುಕ್ಕೊಂದರಲ್ಲಿ ಮೂರು ಕಾಲಂ ಎಳೆದೆ. ಸಂದೇಶ ಏನು ಹೇಳುತ್ತದೆ ಎಂಬುದು ಮೊದಲನೆಯದು, ಮೊದಲು ಹೇಳಿದವರು ಯಾರು ಎಂಬುದು ಎರಡನೆಯದು. ಓದಿದಾಗ ನನಗೆ ಏನನ್ನಿಸಿತು ಎಂಬುದನ್ನು ಮೂರನೆಯದರಲ್ಲಿ ಬರೆಯತೊಡಗಿದೆ. ಮೊದಲೆರಡು ಕಾಲಂಗಳ ಕೆಲಸ ಕಷ್ಟದ್ದಲ್ಲ: ವಿಡಿಯೊವನ್ನು ತಡೆದು ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಹತ್ತು ನಿಮಿಷದಲ್ಲಿ ಬಹಳಷ್ಟು ಹೊರಬೀಳುತ್ತದೆ. ಕರಾಚಿ ಉರಿಯುತ್ತಿದೆ ಎಂದು ಹರಿದಾಡಿದ ದೃಶ್ಯಗಳಲ್ಲಿ ಒಂದು ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ವಿಮಾನ ಅಪಘಾತದ್ದು. ಗುಜರಾತಿನ ಹಜೀರಾ ಬಂದರಿನ ಮೇಲೆ ದಾಳಿಯಾಗಿದೆ ಎಂಬ ವಿಡಿಯೊ 2021ರ ಜುಲೈನ ತೈಲ ಟ್ಯಾಂಕರ್ ಸ್ಫೋಟದ್ದೆಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯಾದ ಪಿಐಬಿಯೇ ತಿಳಿಸಿತು. ಆರ್ಮಾ 3 ಎಂಬ ವಿಡಿಯೊ ಗೇಮಿನ ತುಣುಕುಗಳಂತೂ ಗಡಿಯ ಎರಡೂ ಬದಿಯಲ್ಲಿ ಯುದ್ಧದ ದೃಶ್ಯಗಳಾಗಿ ಮೆರೆದವು.

ನನ್ನನ್ನು ಕಲಕಿದ್ದು ಮೂರನೆಯ ಕಾಲಂ. ವಾರದ ಕೊನೆಗೆ ತಿರುವಿ ನೋಡಿದಾಗ, ಭಯ ಹುಟ್ಟಿಸಿದ ಸುದ್ದಿಗಳನ್ನೆಲ್ಲ ನಾನು ಪರಿಶೀಲಿಸಿದ್ದೆ. ‘ಹೆಮ್ಮೆ’ ಎಂದು ಬರೆದುಕೊಂಡವುಗಳಲ್ಲಿ ಅರ್ಧಕ್ಕೂ ಹೆಚ್ಚಿನದರ ಮುಂದೆ ಎರಡನೆಯ ಕಾಲಂ ಖಾಲಿ ಇತ್ತು.

ಕರಾಚಿಯ ಸಂದೇಶದ ಕೆಳಗೆ ‘ಇದು ಸುಳ್ಳು, ಕಳುಹಿಸಿದವನು ನಾನೇ’ ಎಂದು ಬರೆದೆ. ಮೂಲ ಸಂದೇಶಕ್ಕೆ ನಲವತ್ತೊಂದು ಚಪ್ಪಾಳೆ ಬಿದ್ದಿದ್ದವು. ತಿದ್ದುಪಡಿಗೆ ಎರಡು, ಅದರಲ್ಲಿ ಒಂದು ನನ್ನ ಸೊಸೆಯದು. ಎದುರು ಮನೆಯ ಶೆಟ್ಟರು ಲಿಫ್ಟಿನ ಬಳಿ ಹಿಡಿದು ನಿಲ್ಲಿಸಿ, “ನಮ್ಮ ಹುಡುಗರು ಅಲ್ಲಿ ಪ್ರಾಣ ಕೊಡುತ್ತಿರುವಾಗ ನೀವು ಇಲ್ಲಿ ಲೆಕ್ಕ ತೆಗೆಯುತ್ತೀರಲ್ಲ ರಾಯರೇ” ಎಂದರು. ಯುದ್ಧಕಾಲದ ಪ್ರಚಾರದ ನಿಜವಾದ ಬಲ ಇಲ್ಲಿದೆ ಎಂದು ನನಗೆ ಆಗ ಹೊಳೆಯಿತು. ಸುಳ್ಳನ್ನು ನಂಬಿಸುವುದು ಅದಕ್ಕೆ ಅರ್ಧ ಕೆಲಸ ಮಾತ್ರ. ಪ್ರಶ್ನೆ ಕೇಳುವವನು ಸೈನಿಕನ ವಿರುದ್ಧ ನಿಂತವನಂತೆ ಕಾಣುವ ಹಾಗೆ ಮಾಡಿದರೆ, ಉಳಿದವರು ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಾರೆ.

ಹಾಗಾಗಿ ದಾರಿ ಬದಲಿಸಿದೆ. ಶೆಟ್ಟರೊಂದಿಗೆ ನಮ್ಮ ಯುದ್ಧದ ಮಾತೆತ್ತದೆ, 1990ರ ಅಕ್ಟೋಬರಿನಲ್ಲಿ ಅಮೆರಿಕದ ಜನಪ್ರತಿನಿಧಿಗಳ ಮುಂದೆ ಅಳುತ್ತ ಸಾಕ್ಷಿ ಹೇಳಿದ ಕುವೈತಿನ ಹುಡುಗಿಯ ಕಥೆ ಹೇಳಿದೆ. ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರುಗಳಿಂದ ಹಸುಗೂಸುಗಳನ್ನು ಕಿತ್ತು ನೆಲಕ್ಕೆ ಹಾಕಿದ್ದನ್ನು ಕಂಡೆ ಎಂದಿದ್ದ ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂದು ಕೊಲ್ಲಿ ಯುದ್ಧ ಮುಗಿದ ಮೇಲೆ ಬಯಲಾಯಿತು. ಆಕೆ ಹೇಳಿದ್ದಕ್ಕೆ ಆಧಾರ ಸಿಗಲಿಲ್ಲ. ಬೇರೆಯವರ ಮನೆಯ ಸುಳ್ಳಾದ್ದರಿಂದ ಶೆಟ್ಟರು ಅಡ್ಡ ಮಾತಾಡದೆ ಕೇಳಿದರು.

ತಿದ್ದುಪಡಿ ಬರೆಯುವ ರೀತಿಯನ್ನೂ ಬದಲಿಸಿದೆ. ಮತ್ತೆ ಮತ್ತೆ ಕೇಳಿದ ಮಾತು ನಿಜವೆನಿಸತೊಡಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಸುಳ್ಳನ್ನೇ ತಲೆಬರಹ ಮಾಡಿ ಕೆಳಗೆ ‘ಇದು ಸುಳ್ಳು’ ಎಂದು ಬರೆಯುವುದನ್ನು ಬಿಟ್ಟು, ನಡೆದದ್ದೇನೆಂಬುದನ್ನೇ ಮೊದಲ ಸಾಲಿನಲ್ಲಿ ಹೇಳುತ್ತೇನೆ.

ನಾನು ಎಣಿಸದೆ ಇದ್ದ ಇನ್ನೊಂದು ಹಾನಿಯೂ ಆಯಿತು. ನಾಲ್ಕಾರು ಸುಳ್ಳು ಬಯಲಾದ ಮೇಲೆ ಗುಂಪಿನ ಕೆಲವರು “ಟಿವಿ, ಪೇಪರ್, ಸರ್ಕಾರ ಎಲ್ಲ ಒಂದೇ, ಎಲ್ಲವೂ ಸುಳ್ಳೇ” ಎನ್ನತೊಡಗಿದರು. ಎಲ್ಲವನ್ನೂ ನಂಬುವವನಷ್ಟೇ ಸುಲಭವಾಗಿ, ಯಾವುದನ್ನೂ ನಂಬದವನೂ ಪರಿಶೀಲಿಸುವ ಶ್ರಮದಿಂದ ತಪ್ಪಿಸಿಕೊಳ್ಳುತ್ತಾನೆ. ಅವರಿಗಾಗಿ ಮೇ 11ರ ಸೇನಾ ಪತ್ರಿಕಾಗೋಷ್ಠಿಯ ಒಂದು ವಾಕ್ಯವನ್ನು ಆರಿಸಿದೆ. ಕರಾಚಿ ಸೇರಿದಂತೆ ಆಯ್ದ ಗುರಿಗಳ ಮೇಲೆ ತಾನು ಬಯಸಿದ ಸಮಯದಲ್ಲಿ ದಾಳಿ ಮಾಡುವ ಸಾಮರ್ಥ್ಯದೊಂದಿಗೆ ನೌಕಾಪಡೆ ಸಿದ್ಧವಾಗಿ ನಿಂತಿತ್ತು ಎಂದು ಅಂದು ಅಧಿಕಾರಿ ಹೇಳಿದ್ದರು. ಆ ವಾಕ್ಯವನ್ನು ಗುಂಪಿಗೆ ಹಾಕಿ, ದಾಳಿ ನಡೆದಿದೆಯೋ ಇಲ್ಲವೋ ನೀವೇ ಹೇಳಿ ಎಂದು ಕೇಳಿದೆ.

ಅರ್ಧ ಗಂಟೆಯ ನಂತರ ಬಂದ ಮೊದಲ ಉತ್ತರ ಶೆಟ್ಟರದು: “ಸಿದ್ಧವಾಗಿತ್ತು ಅಂದರೆ ಹೊಡೆದಿಲ್ಲ ಅಂತ ಆಯಿತಲ್ಲ ರಾಯರೇ.”