ಹೊಸ ಡಿಸ್ಕ್ ಕೊಳ್ಳದೆ ಡಿಫ್ರ್ಯಾಗ್ ಮುಗಿಸಿದ ಬಗೆ: ನನ್ನ ಅನುಭವ

"ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ" ಎಂದವರು ಒಬ್ಬಿಬ್ಬರಲ್ಲ. ನನ್ನ ಕಂಪ್ಯೂಟರ್‌ನಲ್ಲಿದ್ದುದು 160 ಜಿಬಿಯ ಸಾಟಾ ಡಿಸ್ಕ್, ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3. ಡಿ ಡ್ರೈವ್‌ನ ತುಂಬ ಮದುವೆ, ಗೃಹಪ್ರವೇಶದ ಆಹ್ವಾನಪತ್ರಿಕೆಗಳು. ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿ, ಪುಟವಿನ್ಯಾಸದ ಪೇಜ್‌ಮೇಕರ್‌ನಲ್ಲಿ ಕೂರಿಸಿದ ವರ್ಷಗಟ್ಟಲೆಯ ಕೆಲಸ. ಡಿಸ್ಕಿನಲ್ಲಿ ಚದುರಿದ ಕಡತದ ತುಂಡುಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಶುರು ಮಾಡಿದರೆ ಒಂದೇ ಉತ್ತರ: ಈ ಡ್ರೈವ್‌ಗೆ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ತಪಾಸಣೆ) ನಿಗದಿಯಾಗಿದೆ, ಮೊದಲು ಅದನ್ನು ಮುಗಿಸಿ. ಮುಗಿಸಿದರೆ ಮರುದಿನ ಮತ್ತೆ ಅದೇ ಮಾತು.

ಇದು 2012ರ ಆರಂಭದ ಸಂಗತಿ. ಹಿಂದಿನ ವರ್ಷ ಥಾಯ್ಲೆಂಡ್‌ನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳಿಗೆ ನೀರು ನುಗ್ಗಿತ್ತು. ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿದ್ದ 500 ಜಿಬಿ ಡಿಸ್ಕಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ನಾಲ್ಕೂವರೆ ಸಾವಿರದಷ್ಟು ಕೇಳುತ್ತಿದ್ದರು. ನಮ್ಮೂರಿನ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು. ಒಂದು ಆಹ್ವಾನಪತ್ರಿಕೆಗೆ ನೂರೈವತ್ತು ರೂಪಾಯಿ ಪಡೆಯುತ್ತಿದ್ದವನಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಆದ್ದರಿಂದ ಹಟ ಹಿಡಿದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. ಬೂಟ್ ಸಮಯದ ಚೆಕ್‌ಡಿಸ್ಕ್, ಕೆಟ್ಟ ಸೆಕ್ಟರ್‌ಗಳನ್ನೂ (ಡಿಸ್ಕಿನ ಪುಟ್ಟ ತುಂಡುಗಳನ್ನೂ) ಹುಡುಕುವ ಆರ್ ಸ್ವಿಚ್ ಹಾಕಿ. ಅದು ರಾತ್ರಿಯಿಡೀ ಓಡಿ, ಬೆಳಗ್ಗೆ ಕೆಲವು ಕ್ಲಸ್ಟರ್‌ಗಳನ್ನು (ಸೆಕ್ಟರ್‌ಗಳ ಗುಂಪುಗಳನ್ನು) ಕೆಟ್ಟವೆಂದು ಗುರುತಿಸಿ ಮುಗಿಯಿತು. ಎಫ್‌ಎಸ್‌ಯುಟಿಲ್ ಆಜ್ಞೆಯಿಂದ ಡರ್ಟಿ ಗುರುತು (ಡ್ರೈವ್‌ಗೆ ತಪಾಸಣೆ ಬೇಕೆಂದು ವಿಂಡೋಸ್ ಹಾಕುವ ಗುರುತು) ಪರೀಕ್ಷಿಸಿದರೆ ಸ್ವಚ್ಛ. ಸಂಜೆ ಎರಡು ದೊಡ್ಡ ಕಡತ ಉಳಿಸುವಷ್ಟರಲ್ಲಿ ಮತ್ತೆ ಡರ್ಟಿ. ತಿಳಿದವರೊಬ್ಬರು ಚೆಕ್‌ಎನ್‌ಟಿಎಫ್‌ಎಸ್ ಆಜ್ಞೆ ಬಳಸಿ ಆ ಡ್ರೈವ್‌ನ ತಪಾಸಣೆಯನ್ನೇ ಬಿಡಿಸಲು ಹೇಳಿದರು. ಅದರಿಂದ ಬೂಟ್ ಬೇಗ ಆಗುತ್ತದೆ, ನಿಜ; ಗುರುತು ಮಾತ್ರ ಅಳಿಯುವುದಿಲ್ಲ, ಡಿಫ್ರ್ಯಾಗ್ ಬಾಗಿಲೂ ತೆರೆಯುವುದಿಲ್ಲ. ಡರ್ಟಿ ಗುರುತನ್ನು ಲೆಕ್ಕಿಸದ ಬೇರೆ ಡಿಫ್ರ್ಯಾಗ್ ತಂತ್ರಾಂಶ ಹಾಕಿಕೊಳ್ಳಿ ಎಂದವರೂ ಇದ್ದರು. ಕಡತವ್ಯವಸ್ಥೆಯೇ ಹದಗೆಟ್ಟಿರುವಾಗ ಸಾವಿರಾರು ಕಡತಗಳನ್ನು ಎತ್ತಿ ಬೇರೆಡೆ ಇಡುವ ಧೈರ್ಯ ನನಗಿಲ್ಲ. ಅಂಗಡಿಯ ಹುಡುಗ ಆರುನೂರು ರೂಪಾಯಿಗೆ ಲೋ ಲೆವೆಲ್ ಫಾರ್ಮ್ಯಾಟ್ ಮಾಡಿಕೊಡುವುದಾಗಿ ಹೇಳಿದ. ಇಂದಿನ ಡಿಸ್ಕ್‌ಗಳಲ್ಲಿ ಅದೆಲ್ಲ ಬರಿಯ ಸೊನ್ನೆ ಬರೆಯುವ ಕೆಲಸ; ಅದಕ್ಕೆ ಆರುನೂರು ಏಕೆ?

ಈ ಹಂತದಲ್ಲಿ ಚೆಕ್‌ಡಿಸ್ಕ್ ಓಡಿಸುವುದನ್ನೇ ನಿಲ್ಲಿಸಿದೆ. ನಲ್ಲಿ ಮುಚ್ಚದೆ ನೆಲ ಒರೆಸಿದರೆ ಏನು ಬಂತು? ಗುರುತು ಮರಳಿ ಮರಳಿ ಬೀಳುವುದೇಕೆ ಎಂಬುದು ತಿಳಿಯಬೇಕಿತ್ತು. ವಿಂಡೋಸ್ ದೋಷಗಳನ್ನು ದಾಖಲಿಸಿಡುವ ಈವೆಂಟ್ ವ್ಯೂವರ್‌ನಲ್ಲಿ 7 ಮತ್ತು 55ನೇ ಸಂಖ್ಯೆಯ ದಾಖಲೆಗಳ ನಡುವೆ ರಾಶಿ ರಾಶಿ 11. ಏಳು ಎಂದರೆ ಕೆಟ್ಟ ಬ್ಲಾಕ್, ಐವತ್ತೈದು ಎಂದರೆ ಎನ್‌ಟಿಎಫ್‌ಎಸ್ ಕಡತವ್ಯವಸ್ಥೆ ಹಾಳು. ಇವೆರಡನ್ನು ನೋಡಿಯೇ ಎಲ್ಲರೂ ಡಿಸ್ಕಿಗೆ ತಿಥಿ ಮಾಡುವುದು. ಹನ್ನೊಂದು ಕಂಟ್ರೋಲರ್ ದೋಷ. ಅದನ್ನು ಯಾರೂ ಓದುವುದಿಲ್ಲ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಅಂಕಿಗಳೂ ಅದನ್ನೇ ಹೇಳಿದವು. 05, ಅಂದರೆ ಬದಲಿ ಸೆಕ್ಟರ್‌ಗಳ ಸಂಖ್ಯೆ, ಸೊನ್ನೆ. ಸಿ5, ಅಂದರೆ ಓದಲಾಗದೆ, ಕೆಟ್ಟಿವೆಯೋ ಇಲ್ಲವೋ ತೀರ್ಮಾನವಾಗದೆ ಬಾಕಿ ಉಳಿದ ಸೆಕ್ಟರ್‌ಗಳು, ಇಪ್ಪತ್ತರ ಒಳಗೆ. ಸಿ7 ಮಾತ್ರ ಸಾವಿರ ದಾಟಿತ್ತು, ನೋಡನೋಡುತ್ತ ಏರುತ್ತಿತ್ತು. ಸಿ7 ಏರುವುದೆಂದರೆ ಡಿಸ್ಕ್ ಮತ್ತು ಮದರ್‌ಬೋರ್ಡಿನ ನಡುವಿನ ದಾರಿಯಲ್ಲಿ ದತ್ತಾಂಶ ಕೆಡುತ್ತಿದೆ ಎಂದು ಅರ್ಥ. ನಲವತ್ತು ರೂಪಾಯಿ ಕೊಟ್ಟು ಕ್ಲಿಪ್ ಇರುವ ಸಾಟಾ ಕೇಬಲ್ ತಂದು ಹಾಕಿದೆ. ಏರಿಕೆ ಅಲ್ಲಿಗೇ ನಿಂತಿತು. ಈ ಅಂಕಿ ಹಿಂದಕ್ಕೆ ಇಳಿಯುವುದಿಲ್ಲ, ನಿಲ್ಲುತ್ತದೆ ಅಷ್ಟೆ. ಇದು ತಿಳಿಯದೆ ಹೊಸ ಕೇಬಲನ್ನೂ ಎಸೆದವರನ್ನು ಬಲ್ಲೆ.

ಸಿ5 ಮಾತ್ರ ಒಂದೊಂದಾಗಿ ಹೆಚ್ಚುತ್ತಲೇ ಇತ್ತು. ಮಲ್ಟಿಮೀಟರ್ ಹಿಡಿದು ನೋಡಿದರೆ 12 ವೋಲ್ಟ್ ತಂತಿಯಲ್ಲಿ 11.2. ಶೇಕಡ 5ರ ಸಡಿಲ ಬಿಟ್ಟರೂ 11.4ಕ್ಕಿಂತ ಕೆಳಗೆ ಹೋಗಬಾರದು. 450 ವ್ಯಾಟ್ ಎಂದು ಚೀಟಿ ಅಂಟಿಸಿಕೊಂಡ ಆ ಹಗುರ ಎಸ್‌ಎಂಪಿಎಸ್ (ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆ) ಹೊರಗೆ ಹೋಯಿತು, ಸುಮಾರು ಒಂಬೈನೂರರ ಹೊಸದು ಬಂತು. ಲೋಡ್ ಶೆಡ್ಡಿಂಗ್ ಜೋರಾಗಿದ್ದ ಕಾಲ. ಯುಪಿಎಸ್ ಬ್ಯಾಟರಿ ಸತ್ತುಹೋಗಿ, ಕರೆಂಟ್ ಹೋದಾಗಲೆಲ್ಲ ಬರೆಯುತ್ತಿದ್ದ ಸೆಕ್ಟರ್ ಅರ್ಧಕ್ಕೇ ನಿಲ್ಲುತ್ತಿತ್ತು. 12 ವೋಲ್ಟ್, 7 ಎಎಚ್ ಬ್ಯಾಟರಿಗೆ ಇನ್ನೊಂದು ಏಳುನೂರೈವತ್ತು.

ಮಧ್ಯೆ ಒಂದು ಅಡ್ಡದಾರಿ. ಕೆಟ್ಟ ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಬದುಕುತ್ತದೆಂಬ ಮಾತು ಆಗ ಎಲ್ಲೆಡೆ ಇತ್ತು. ಗುಜರಿಯಿಂದ ತಂದ ಹಳೆಯ ಮಾದರಿಯ 40 ಜಿಬಿ ಐಡಿಇ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟು ನೋಡಿದೆ. ಹೊರಗೆ ತೆಗೆದ ಕೂಡಲೇ ಸರ್ಕ್ಯೂಟ್ ಬೋರ್ಡಿನ ಮೇಲೆ ನೀರು ಕಟ್ಟಿತು, ಡಿಸ್ಕ್ ಮೊದಲಿನಷ್ಟೂ ಓಡಲಿಲ್ಲ. ಫ್ರಿಜ್‌ನ ವಿಷಯದಲ್ಲಿ ಮನೆಯವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಬಾಕಿ ಸೆಕ್ಟರ್‌ಗಳು. ಲಿನಕ್ಸ್ ಲೈವ್ ಸಿಡಿಯಿಂದ ಬೂಟ್ ಮಾಡಿ, ಮೊದಲು ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿಯನ್ನು ಕಡ ತಂದ ಹೊರಗಿನ ಡ್ರೈವ್‌ಗೆ ಇಳಿಸಿದೆ. ಆಮೇಲೆ ಎನ್‌ಟಿಎಫ್‌ಎಸ್‌ಕ್ಲಸ್ಟರ್‌ನಿಂದ ಯಾವ ಸೆಕ್ಟರ್ ಯಾವ ಕಡತಕ್ಕೆ ಸೇರಿದ್ದು ಎಂದು ಹುಡುಕಿ, ಎಚ್‌ಡಿಪಾರ್ಮ್‌ನಿಂದ ಆ ಸೆಕ್ಟರ್‌ಗಳ ಮೇಲೆ ಮಾತ್ರ ಬರೆದೆ. ಬರೆಯಲು ಹೋದಾಗ ಅದು "ನಾನೇನು ಮಾಡುತ್ತಿದ್ದೇನೆಂದು ನನಗೆ ಗೊತ್ತು" ಎಂಬ ಒಪ್ಪಿಗೆಯನ್ನು ಬರೆಸಿಕೊಳ್ಳುತ್ತದೆ. ಆ ಸಾಲನ್ನು ಸಂತೋಷದಿಂದಲೇ ಬೆರಳಚ್ಚಿಸಿದೆ. ಹಾಳಾದ ಕಡತದ ಉಳಿದ ಭಾಗವನ್ನು ಪೇಜ್‌ಮೇಕರ್ ತೆರೆಯುವಂತೆ ಹೇಗೆ ಮಾಡಿದೆ ಎಂಬುದು ನನ್ನಲ್ಲೇ ಇರಲಿ, ಅದರಿಂದ ಈಗಲೂ ನಾಲ್ಕು ಕಾಸು ಬರುತ್ತಿದೆ.

ಬರೆದ ಮೇಲೆ ಸಿ5 ಸೊನ್ನೆಗೆ ಇಳಿಯಿತು, 05 ಸೊನ್ನೆಯಲ್ಲೇ ಉಳಿಯಿತು. ಒಂದೂ ಸೆಕ್ಟರ್ ಬದಲಿಸಬೇಕಾಗಲಿಲ್ಲ ಎಂದರೆ ಡಿಸ್ಕಿನೊಳಗಿನ ತಟ್ಟೆಗೆ ಏನೂ ಆಗಿರಲಿಲ್ಲ, ಬರವಣಿಗೆ ಮಾತ್ರ ಅರೆಬರೆಯಾಗಿತ್ತು. "ಡಿಸ್ಕ್ ಹೋಗಿದೆ" ಎಂದವರಿಗೆ ಈ ಅಂಕಿಗಳ ಪುಟವನ್ನು ಮುದ್ರಿಸಿಯೇ ತೋರಿಸಿದೆ. ಹಳೆಯ ಚೆಕ್‌ಡಿಸ್ಕ್ ಕೆಟ್ಟವೆಂದು ಬರೆದಿಟ್ಟ ಕ್ಲಸ್ಟರ್‌ಗಳನ್ನು ಎಕ್ಸ್‌ಪಿ ಬಿಡಿಸಲಾರದು; ಗೆಳೆಯನ ವಿಂಡೋಸ್ 7 ಯಂತ್ರಕ್ಕೆ ಜೋಡಿಸಿ, ಅದರ ಚೆಕ್‌ಡಿಸ್ಕ್‌ಗೆ ಬಿ ಸ್ವಿಚ್ ಹಾಕಿ ಬಿಡಿಸಿಕೊಂಡೆ.

ಆಮೇಲೂ ಡಿಫ್ರ್ಯಾಗ್ ಗೊಣಗಿತು, ಈ ಬಾರಿ ಜಾಗಕ್ಕಾಗಿ. ಅದಕ್ಕೆ ಶೇಕಡ 15 ಖಾಲಿ ಬೇಕು, ನನ್ನಲ್ಲಿ ಒಂಬತ್ತೋ ಹತ್ತೋ ಇತ್ತು. ಮದುವೆ ವೀಡಿಯೊಗಳನ್ನು ಡಿವಿಡಿಗೆ ಸಾಗಿಸಿದೆ. ಪೇಜ್‌ಫೈಲನ್ನು (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಕಡತವನ್ನು) ತೆಗೆದು, ಡಿಫ್ರ್ಯಾಗ್ ಮುಗಿದ ಮೇಲೆ ನಿಗದಿತ ಗಾತ್ರದಲ್ಲಿ ಮರಳಿ ಇಟ್ಟೆ. ಕೆಂಪು ಗೆರೆಗಳೆಲ್ಲ ನೀಲಿಯಾಗಲು ಮೂರು ಗಂಟೆಯ ಮೇಲಾಯಿತು.

ವೇಗ? ನೂರು ಪುಟದ ಸ್ಮರಣಸಂಚಿಕೆಯೊಂದು ತೆರೆಯಲು ಒಂದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿದ್ದುದು ಹದಿನೈದು ಸೆಕೆಂಡಿಗೆ ಇಳಿಯಿತು. ಆದರೆ ಅದರ ಬಹುಪಾಲು ಕೀರ್ತಿ ಡಿಫ್ರ್ಯಾಗ್‌ಗೆ ಸಲ್ಲದು. ದೋಷಗಳು ಮೇಲಿಂದ ಮೇಲೆ ಬಂದಾಗ ಎಕ್ಸ್‌ಪಿ ಸದ್ದಿಲ್ಲದೆ ಡಿಎಂಎ ಎಂಬ ವೇಗದ ವರ್ಗಾವಣೆ ಬಿಟ್ಟು ಪಿಐಓ ಎಂಬ ನಿಧಾನದ ವಿಧಾನಕ್ಕೆ ಇಳಿದಿರುತ್ತದೆ. ಕೇಬಲ್ ಬದಲಿಸಿದರೂ ತಾನಾಗಿ ಮೇಲೇರುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸೇರಿದ ಚಾನೆಲ್ ಅಳಿಸಿ ಮರುಬೂಟ್ ಮಾಡಿದಾಗಲೇ ಇಪ್ಪತ್ತು ಸೆಕೆಂಡಿಗೆ ಬಂದಿತ್ತು. ಉಳಿದ ಐದು ಸೆಕೆಂಡ್ ಡಿಫ್ರ್ಯಾಗ್‌ನ ಪಾಲು.

ಒಟ್ಟು ಖರ್ಚು ಸಾವಿರದ ಏಳುನೂರರ ಹತ್ತಿರ, ಅದರಲ್ಲಿ ಬ್ಯಾಟರಿ ಹೇಗಿದ್ದರೂ ಬೇಕಿತ್ತು. 05 ವಾರವಾರವೂ ಏರುವ ಡಿಸ್ಕಿಗೆ ಇದಾವುದೂ ನಡೆಯುವುದಿಲ್ಲ. ಪ್ರತಿ ತೆಗೆದುಕೊಂಡು ಹೊಸದು ಕೊಳ್ಳಬೇಕು. ಆರುನೂರು ಕೇಳಿದ್ದ ಆ ಅಂಗಡಿಯವರು ಆಮೇಲೆ ಇಂಥ ಡಿಸ್ಕ್‌ಗಳನ್ನು ನನ್ನ ಬಳಿಗೇ ಕಳುಹಿಸತೊಡಗಿದರು. ಒಂದಕ್ಕೆ ಇನ್ನೂರು ರೂಪಾಯಿ, ಕೇಬಲಿನ ಬೆಲೆ ಬೇರೆ.