ಗೋಮೇಧಿಕವೋ ಗಾಜೋ? ಉಂಗುರ ಕಟ್ಟಿಸುವ ಮೊದಲು ನೋಡಿಕೊಳ್ಳಿ

ಕಳೆದ ಮಳೆಗಾಲ ಅಂಕೋಲಾ ಕಡೆಯ ಅಜ್ಜಿಯೊಬ್ಬರು ಕಾರವಾರದ ನಮ್ಮ ಅಂಗಡಿಗೆ ಬಂದಿದ್ದರು. ಸೆರಗಿನ ಗಂಟಿನಲ್ಲಿ ಗೋಮೇಧಿಕವೆಂದು ಕೊಂಡ ಜೇನುಬಣ್ಣದ ಕಲ್ಲು. ‘ತಮ್ಮಾ, ಮೊಮ್ಮಗನಿಗೆ ರಾಹು ದೆಸೆ. ಬೆಳ್ಳಿಯಲ್ಲಿ ಉಂಗುರ ಮಾಡಿಕೊಡು’ ಎಂದರು. ಲೂಪ್ (ಅಕ್ಕಸಾಲಿಗರ ಪುಟ್ಟ ಭೂತಗನ್ನಡಿ) ಹಿಡಿದು ನೋಡಿದರೆ ಒಳಗೆ ದುಂಡನೆ ಗುಳ್ಳೆಗಳು. ಗಾಜು! ಇಶಾಡು ಮಾವು ಮಾರಿದ ದುಡ್ಡಲ್ಲಿ ತಂದಿದ್ದರಂತೆ. ಹೇಳಲು ನನಗೆ ಬಾಯೇ ಬರಲಿಲ್ಲ.

10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದಿರಲಿ. ಕಿಟಕಿಯ ಬೆಳಕಿಗೆ ಕಲ್ಲು ಹಿಡಿದು ನಿಧಾನ ತಿರುಗಿಸಿ. ಬಿಸಿನೀರಿಗೆ ಜೋನಿಬೆಲ್ಲ ಹಾಕಿದಾಗ, ಕದಡುವ ಮೊದಲು ಎಳೆ ಎಳೆಯಾಗಿ ಸುತ್ತುತ್ತದಲ್ವಾ? ಗೋಮೇಧಿಕದ ಒಳಗೆ ಸಾಮಾನ್ಯವಾಗಿ ಹಾಗೇ ಕಾಣುತ್ತದೆ. ಹಿಂಬದಿಯಲ್ಲಿ ಕೊರೆದ ಪಟ್ಟಿಗಳ ಅಂಚು ಎರಡೆರಡಾಗಿ ಕಂಡರೆ ಅದು ಜಿರ್ಕಾನ್ ಎಂಬ ಬೇರೆ ಕಲ್ಲು ಇರಬಹುದು.

ಆಮೇಲೆ ತೂಕ. ಕೆಲವು ಗಾಜಿನಲ್ಲೂ ಎಳೆ ಇರುತ್ತದೆ, ಅದಕ್ಕೇ ಇದನ್ನು ಬಿಡಬೇಡಿ. 0.01 ಗ್ರಾಂ ತೋರಿಸುವ ಮಷಿನ್ ಸಾಕು. ಕಲ್ಲು ಬಿಡಿಯಾಗಿರಬೇಕು. ಮೊದಲು ಒಣಕಲ್ಲು ತೂಗಿ. ನಂತರ ಮಷಿನ್ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ತೆಳು ದಾರದಲ್ಲಿ ಕಲ್ಲನ್ನು ನೀರಿಗೆ ಇಳಿಬಿಡಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಗಾಳಿಗುಳ್ಳೆ ಅಂಟಿದ್ದರೆ ಬ್ರಷ್‌ನಿಂದ ಸವರಿ. ಈಗ ಬಂದ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಅಂತ ಗೊತ್ತಾಗುತ್ತದೆ. 2.18 ಗ್ರಾಂ ಕಲ್ಲಿಗೆ 0.60 ಬಂದರೆ 3.63. ಗೋಮೇಧಿಕಕ್ಕೆ 3.6 ಆಸುಪಾಸು ಬರಬೇಕು. ಸಾದಾ ಗಾಜಿಗೆ 2.5 ಅಷ್ಟೇ. ಸೀಸ ಬೆರೆಸಿದ ಗಾಜು ಜಾಸ್ತಿ ತೂಗುತ್ತದೆ, ಹಾಗಾಗಿ ಲೂಪ್, ತೂಕ ಎರಡೂ ಒಪ್ಪಬೇಕು. ಬೆಲೆ ದೊಡ್ಡದಾದರೆ ಲ್ಯಾಬ್‌ಗೇ ಕೊಡಿ.

ಈ ತೂಕ ಹುಟ್ಟಿನಿಂದಲೇ ಬಂದದ್ದು. ಗೋಮೇಧಿಕ ಗಾರ್ನೆಟ್ ಎಂಬ ಹರಳಿನ ಜಾತಿಯದು, ಇಂಗ್ಲಿಷಿನಲ್ಲಿ ಹೆಸ್ಸೊನೈಟ್. ಜೇಡಿ ಬೆರೆತ ಸುಣ್ಣಕಲ್ಲಿನ ಪಕ್ಕಕ್ಕೆ ಭೂಮಿಯೊಳಗಿನ ಕರಗಿದ ಶಿಲೆ ನುಗ್ಗುತ್ತದೆ. ಆ ಕಾವಿಗೆ ಸುಣ್ಣಕಲ್ಲಿನ ಕ್ಯಾಲ್ಸಿಯಂ, ಜೇಡಿಯ ಅಲ್ಯೂಮಿನಿಯಂ ಮತ್ತು ಸಿಲಿಕಾ ಕೂಡಿ ಬಿಗಿಯಾಗಿ ಹೆಣೆದ ಹರಳಾಗುತ್ತವೆ. ಬಣ್ಣ ಕೊಡುವುದು ಚೂರು ಕಬ್ಬಿಣ, ಮ್ಯಾಂಗನೀಸ್. ನಮ್ಮ ಯಾಣದ ಬಂಡೆಯೂ ಸುಣ್ಣಕಲ್ಲೇ, ಆದರೆ ಸುಣ್ಣಕಲ್ಲು ಇದ್ದ ಮಾತ್ರಕ್ಕೆ ಗೋಮೇಧಿಕ ಆಗುವುದಿಲ್ಲ. ಶ್ರೀಲಂಕಾದಲ್ಲಿ ಹೊಳೆಯ ಜಲ್ಲಿಯಲ್ಲೇ ಸಿಗುತ್ತದೆ.

ಕಲ್ಲು ಅಸಲಿಯಾದರೆ ಉಂಗುರ ಕಟ್ಟಿಸಿ. ಗೋಮೇಧಿಕದ ಗಡಸುತನ, 1ರಿಂದ 10ರ ಮೋಸ್ ಅಳತೆಯಲ್ಲಿ, 7ರ ಸುತ್ತ. ಬೀಚಿನ ಮರಳಲ್ಲಿರುವ ಬೆಣಚುಕಲ್ಲೂ 7. ಟ್ಯಾಗೋರ್ ಬೀಚಿನಲ್ಲಿ ಮಕ್ಕಳ ಜೊತೆ ಮರಳಾಡುವಾಗ ಮಾತ್ರ ಉಂಗುರ ತೆಗೆದಿಡಿ, ಅಂಚು ಸವೆಯುತ್ತದೆ.